ಚಾಸಿಗೆ ಕೇಳಿ ಬಾಡಿ ಕುಂದ್ರಸು

ಹುಬ್ಬಳ್ಳಿ-ಧಾರವಾಡದ ನಡುವಿನ ರಾಯಾಪುರದ ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಒಳಗೆ 1950ರ ಆಸುಪಾಸಿನ ಷೆವ್ರೊಲೆ ಪಿಕಪ್ಪು. ಮುಂದೆ ಕ್ಯಾಬಿನ್, ಹಿಂದೆ ಬರೀ ಚಾಸಿ. ಬಿಚ್ಚಿಟ್ಟ ಬಾಡಿಯ ಭಾಗಗಳು ಗೋಡೆಗೆ ಒರಗಿ ನಿಂತಿವೆ. ಮಾತಾಡುವವರು ಇಬ್ಬರು. ಒಬ್ಬರು ಲಾರಿ ಬಾಡಿ ಕಟ್ಟುತ್ತಲೇ ಮುದುಕರಾದ ಮಿಸ್ತ್ರಿ. ಇನ್ನೊಬ್ಬಳು ಧಾರವಾಡದ ಕಡೆ ಬಸ್ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಎಂಜಿನಿಯರ್, ಈ ಗಾಡಿಯ ಈಗಿನ ಒಡತಿ. ನಾನು ಕೇಳಿಸಿಕೊಂಡವನು. ನಡುನಡುವೆ ಬಾಯಿ ಹಾಕಿದ್ದೇನೆ. ಇವರ ಲೆಕ್ಕದಲ್ಲಿ ಎಂಟು ಸೂತಕ್ಕೆ ಒಂದು ಇಂಚು.

— ಕಾಕಾ, ಬಾಡಿ ಇಳಿಸೂಕಿಂತ ಮೊದಲ ತಗದ ಫೋಟೋ ನೋಡ್ರಿ. ಬಲಗಡೆ ಗಾಲಿ ಮಡ್‌ಗಾರ್ಡಿನ ನಟ್ಟನಡು ಐತಿ, ಎಡಗಡೇದು ಮುಂದ ಸರದೈತಿ. ಬಾಡಿ ಸೊಟ್ಟ ಕುಂದ್ರಿಸ್ಯಾರ ಅಂತ ನೋಡಿದವ್ರೆಲ್ಲಾ ಹೇಳ್ತಾರ.

— ನೋಡಿದವ್ರು ಹೇಳ್ಲಿ. ಟೇಪ್ ಏನ ಹೇಳ್ತದ?

— ಅದನ್ನೂ ಹಿಡದೇನಿ. ಮುಂದಿನ ಗಾಲಿ ನಡುವಿಂದ ಹಿಂದಿನ ಗಾಲಿ ನಡುವಿಗೆ ಬಲಕ್ಕ 116 ಇಂಚು. ಕಾರ್ಖಾನೆ ಅಳತೀನೂ ಅಷ್ಟ. ಎಡಕ್ಕ 115 ಇಂಚು 4 ಸೂತ.

— ಸ್ಟೇರಿಂಗ್ ಸೀದಾ ಇಟ್ಟು ಅಳದಿ?

— ಸೀದಾ ಇಟ್ಟ ಅಳದೇನ್ರಿ.

— ಹಂಗಾದ್ರ ಬಾಡಿನ ಬೈಬ್ಯಾಡ. ಹಿಂದಿನ ಆಕ್ಸಲ್ ಹೌಸಿಂಗು ಎಡಗಡೆ ಅರ್ಧ ಇಂಚು ಮುಂದ ಬಂದೈತಿ. ಸ್ಪ್ರಿಂಗಿನ ಪಾಟಾ ಎಲ್ಲಾ ಒಂದರ ಮ್ಯಾಲ ಒಂದು ಹಿಡಕೊಂಡು, ಹೌಸಿಂಗು ಜಾಗ ಬಿಡದಂಗ ನೋಡೋದು ನಡುವಿನ ಸೆಂಟರ್ ಬೋಲ್ಟು. ಅದು ಕಡದ್ರೂ ಯು-ಬೋಲ್ಟ್ ಬಿಗಿ ಇರೋತನಕ ಗಾಡಿ ಓಡ್ತದ. ಆದ್ರ ಒಂದು ದೊಡ್ಡ ತೆಗ್ಗಿಗೆ ಬಿದ್ದ ದಿನ ಹೌಸಿಂಗು ಜರಗತೈತಿ. ಆಮ್ಯಾಲ ಮೂತಿ ಒಂದು ಕಡೆ, ಬಾಲ ಒಂದು ಕಡೆ ಮಾಡಿ ಓಡ್ತದ; ಡ್ರೈವರ್‌ಗೆ ರೂಢಿ ಆಗಿ ಬಿಡ್ತದ.

— ಅದಕ್ಕ ಇನ್ನೊಂದು ಲೆಕ್ಕ ಹತ್ತಿಲ್ಲ ನನಗ. ಕ್ಯಾಬಿನ್ನಿಗೂ ಬಾಡೀಗೂ ನಡುವಿನ ಸಂದು ಎಡಕ್ಕ ಸಣ್ಣದೈತಿ, ಬಲಕ್ಕ ದೊಡ್ಡದೈತಿ. ಹೌಸಿಂಗು ಜರಗಿದ್ರ ಅದು ಯಾಕ ಬದಲಾಗಬೇಕು?

— ಯಾರೋ ಒಬ್ಬ ಶಾಣ್ಯಾ ಗಾಲಿ ನೋಡಿ ಬಾಡಿ ಸರಿಸ್ಯಾನ. ಮಡ್‌ಗಾರ್ಡು ಬಾಡೀಗೆ ಹತ್ತಿರತೈತಿ. ಎಡಗಾಲಿ ನಡು ಮಾಡಾಕ ಬಾಡಿಯ ಎಡಗಡೆನ್ನ ಮುಂದ ತಳ್ಳ್ಯಾನ, ಪೂರಾ ಆಗಿಲ್ಲ, ಅಲ್ಲಿಗೇ ಬಿಟ್ಟಾನ. ಸಂದು ಕೆಟ್ಟಿತು. ಸಂದು ಸರಿ ಮಾಡಾಕ ಇನ್ನೊಬ್ಬ ಬಂದು ಮುಂದಿನ ತೊಲಿ ಕೆಳಗ ಪ್ಯಾಕಿಂಗ್ ತುರಕ್ಯಾನ. ಹಿಂದಿನ ಬಾಗಲಾ ಹಾಕಾಕ ಬರಲಿಲ್ಲ, ಮೂರನೇದಾಂವ ಬಾಗಲದ ಮೂಲಿ ಕೊಯ್ದಾನ. ಅಲ್ಲೆ ಒರಗಿಸಿಟ್ಟೀಯಲ್ಲ, ಕೆಳಗಿನ ಬಲ ಮೂಲಿ ನೋಡು. ಗರಗಸದ ಗುರುತು ಇನ್ನೂ ಐತಿ.

— ಹೌದ್ರಿ. ನಾ ಅದನ್ನ ಹುಳಾ ಹತ್ತಿ ತಿಂದಾವ ಅಂದ್ಕೊಂಡಿದ್ದೆ.

— ಹುಳಾ ಇಷ್ಟ ಸೀದಾ ತಿನ್ನೂದಿಲ್ಲ. ಈಗ ಪಾಟಾ ಬಿಚ್ಚಿ ಸೆಂಟರ್ ಬೋಲ್ಟ್ ಹಾಕಿ, ಎರಡೂ ಕಡೆ 116 ಬರೋತನಕ ಬಾಡಿ ಮುಟ್ಟೂದಿಲ್ಲ. ಬುಷ್, ಶಾಕಲ್ ಪಿನ್ನು ಸವದಿದ್ರ ಅವನ್ನೂ ಬದಲಿ ಮಾಡೋದು. ಬಾಡಿ ಕುಂದ್ರಸೋ ಕೆಲಸ ಬಾಡಿಯಿಂದ ಸುರು ಆಗೂದಿಲ್ಲವ್ವಾ.

ಈ ಗಾಡಿ ಇಲ್ಲಿಗೆ ಹೇಗೆ ಬಂತು ಎಂಬುದನ್ನು ಇಬ್ಬರೂ ಹೇಳಲಿಲ್ಲ, ಅವರಿಗೆ ಅದು ಗೊತ್ತಿದ್ದ ಸಂಗತಿ. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣೆ ಕಾರ್ಖಾನೆ ತೆರೆದಿತ್ತು. ಅಮೆರಿಕದಿಂದ ಭಾಗಗಳು ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಕೂಡಿಸಿ ಮಾರುತ್ತಿದ್ದರು. 1947ರಲ್ಲಿ ಷೆವ್ರೊಲೆ ಹೊಸ ಮಾದರಿಯ ಟ್ರಕ್ಕುಗಳನ್ನು ಹೊರತಂದಿತು. ದುಂಡು ಮೂತಿಯ, ಅಡ್ಡಪಟ್ಟಿ ಜಾಲರಿಯ ಆ ಗಾಡಿಗಳು 1955ರ ಆರಂಭದವರೆಗೂ ತಯಾರಾದವು. ಅಷ್ಟರಲ್ಲಿ ನಮ್ಮಲ್ಲಿ ಗಾಳಿ ತಿರುಗಿತ್ತು. ಬರೀ ಜೋಡಿಸುವವರು ಬೇಡ, ಇಲ್ಲೇ ತಯಾರಿಸುವವರು ಮಾತ್ರ ಇರಲಿ ಎಂದು 1953ರಲ್ಲಿ ಸರಕಾರ ಗಟ್ಟಿಯಾಗಿ ಹೇಳಿತು. 1954ರಲ್ಲಿ ಜನರಲ್ ಮೋಟರ್ಸ್ ಬಾಗಿಲು ಹಾಕಿಕೊಂಡು ಹೋಯಿತು. ಅದೇ ವರ್ಷ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಗೂಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ಕೆಲಸ ಶುರು ಮಾಡಿದರು. ಧಾರವಾಡ ಜಿಲ್ಲೆ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು, 1956ರ ನವೆಂಬರ್ 1ರವರೆಗೆ. ಮುಂಬಯಿಯ ಗಾಡಿ ಪುಣೆ, ಬೆಳಗಾವಿ ದಾಟಿ ಧಾರವಾಡಕ್ಕೆ ಬರುವುದು ಒಂದೇ ರಾಜ್ಯದೊಳಗಿನ ಓಡಾಟ.

ಕೆಲವು ಗಾಡಿ ಪೂರ್ತಿ ಬಾಡಿಯೊಂದಿಗೇ ಬಂದವು. ಬಹಳಷ್ಟು ಹಾಗೆ ಬರಲಿಲ್ಲ.

— ನೀವು ಈ ಕೆಲಸಕ್ಕ ಬಂದಾಗ ಲಾರಿ ಹೆಂಗ ಬರ್ತಿದ್ದುವು ಕಾಕಾ?

— ಬೆತ್ತಲೆ ಬರ್ತಿದ್ದುವು. ಇಂಜಿನ್ನು, ಮುಂದಿನ ಮೂತಿ, ಚಾಸಿ, ಗಾಲಿ, ಅಷ್ಟ. ಕ್ಯಾಬಿನ್ನೂ ಇಲ್ಲ. ಡ್ರೈವರ್ ಒಂದು ಕಟಿಗಿ ಡಬ್ಬಿ ಇಟ್ಟು ಅದರ ಮ್ಯಾಲ ಕುಂತು, ಮಾರಿಗೆ ಪಂಚೆ ಸುತ್ತಿಕೊಂಡು, ಪುಣೆ-ಬೆಂಗಳೂರು ಪಿ.ಬಿ. ರೋಡ ಹಿಡದು ಬರ್ತಿದ್ದ. ಮಳ್ಯಾಗೂ ಹಂಗ. ಗಾಡಿ ಯಾವ ಊರಿಗೆ ಹೋಗ್ತದೋ ಆ ಊರಾಗ ಬಾಡಿ ಕಟ್ಟಸ್ತಿದ್ರು.

— ಕಾರ್ಖಾನ್ಯಾಗನ ಕಟ್ಟಿ ಕಳಸ್ಬಹುದಿತ್ತಲ್ಲ?

— ಕಳಿಸಿದ್ರ ಯಾರು ತಗೋತಿದ್ರು? ಹುಬ್ಬಳ್ಳಿ ಗಿರಾಕಿಗೆ ಅರಳಿ ಹೇರಬೇಕು, ಬಾಜೂ ಎತ್ತರ ಬೇಕು. ಬ್ಯಾಡಗಿಯಾಂವಗ ಒಣ ಮೆಣಸಿನಕಾಯಿ ಚೀಲ. ಹಗರ ಮಾಲು, ಜಾಗ ಭಾಳ ತಿಂತದ, ಅವನಿಗೆ ಇನ್ನೂ ಎತ್ತರ. ದಾಂಡೇಲಿ ಮರಾ ಹೇರಾಂವಗ ಬಾಜೂನ ಬ್ಯಾಡ, ನಾಕು ಗೂಟ ಸಾಕು. ಹಾಲಿನ ಕ್ಯಾನಿನಾಂವಗ ಹಿಂದಿನ ಬಾಗಲಾ ತಗ್ಗಿರಬೇಕು, ದಿನಾ ಎತ್ತಿ ಇಳಸ್ತಾನ. ಒಂದ ಅಚ್ಚಿನಾಗ ಇವೆಲ್ಲಾ ಹೆಂಗ ಹುಟ್ತಾವ?

— ನಮ್ಮ ಗಾಡಿ ಯಾವ ಮಾಲಿಗೆ ಕಟ್ಟಿದ್ದು ಅನಸ್ತದ?

— ತಳದ ಫಳಿ ನೋಡಿದೆ. ದುಂಡಗ ಉಜ್ಜಿದ ಗುರುತು ಸಾಲಾಗಿ ಅದಾವ. ಡ್ರಮ್ಮೋ ಕ್ಯಾನೋ ಹೇರ್ಯಾರ. ನಡುವಿನ ಎರಡು ಫಳಿ ಮಾತ್ರ ಹೆಚ್ಚು ಸವದಾವ, ನಿಂತು ಎಳದಾಂವನ ಕಾಲಿಗೆ.

— ಒಂದು ಮಾತ ಸಿಟ್ಟಾಗದಂಗ ಕೇಳ್ರಿ. ನನಗ ಈ ಬಾಡೀನ ಬ್ಯಾಡ ಅನಸೈತಿ. ಕಾರ್ಖಾನೆ ಅಳತಿ ನನ್ನ ಕಡೆ ಐತಿ. 78 ಇಂಚು ಉದ್ದ, 50 ಇಂಚು ಅಗಲ, ಉಕ್ಕಿನ ಬಾಜೂ, ಉಕ್ಕಿನ ಬಾಗಲಾ, ತಳಕ್ಕಷ್ಟ ಕಟಿಗಿ ಫಳಿ. ಅಮೆರಿಕದಾಗ ಇವತ್ತಿಗೂ ಹೊಸಾದು ಮಾಡಿ ಮಾರ್ತಾರ. ಇಲ್ಲೇ ತಗಡು ಬಗ್ಗಿಸಿ ಮಾಡಸ್ಬಹುದು. ಈ 7 ಫೂಟಿನ ಕಟಿಗಿ ಬಾಡಿ ತಗೊಂಡು ಹಳೆ ಗಾಡಿಗಳ ಮೇಳಕ್ಕ ಹೋದ್ರ ಒರಿಜಿನಲ್ ಅಲ್ಲ ಅಂತಾರ.

— ಚಾಸಿ ಮ್ಯಾಲ ಬಾ ಇಲ್ಲಿ, ಬ್ಯಾಟರಿ ಹಿಡಿ. ಇದು ಕಾರ್ಖಾನೆ ಬಾಡಿ ಬೋಲ್ಟಿನ ತೂತು. ಅಂಚು ನೋಡು, ಹೆಂಗ ಚೂಪ್ ಐತಿ. ಇದರಾಗ ಬೋಲ್ಟ್ ಹೊಕ್ಕು ಹತ್ತು ವರ್ಷ ಕುಣದಿದ್ರ ಅಂಚು ದುಂಡಗ ಆಗಿ ಸುತ್ತಲೂ ವಾಶರ್ ಗುರುತು ಬಿದ್ದಿರ್ತಿತ್ತು. ಏನೂ ಇಲ್ಲ. ಈಗ ಇಲ್ಲಿ ನೋಡು, ಚಾಸಿ ಹೊರಮೈ. ಮ್ಯಾಲಿಂದ ಕೆಳಗ ಸವದು ಕಚ್ಚು ಬಿದ್ದೈತಿ, ನಡುಬೆರಳ ಅಗಲ. ಅದು ಯು-ಬೋಲ್ಟಿನ ಗುರುತು. ಇಂಥಾವು ಎರಡೂ ಕಡೆ ಸಮಾ ಅದಾವ.

— ಅಂದ್ರ ಕಾರ್ಖಾನೆ ಬಾಡಿ ಇದರ ಮ್ಯಾಲ ಕುಂತ ಇಲ್ಲ.

— ಒಂದು ದಿನಾನೂ ಕುಂತಿಲ್ಲ. ಈ ಗಾಡಿ ಕ್ಯಾಬಿನ್ ತನಕ ಬಂದದ್ದು. ಬಾಡಿ ಇಲ್ಲೇ ಎಲ್ಲೋ ಆಗೈತಿ. ನೀ ಈಗ ತಗಡಿನ ಬಾಡಿ ಹಾಕಿದ್ರ ಅದು ಮೇಳದಾಗ ಚೆಂದ ಕಾಣತೈತಿ, ಆದ್ರ ಈ ಗಾಡಿಗೆ ಅದು ಹೊಸಾ ಅಂಗಿ. ಇದರ ಹುಟ್ಟಂಗಿ ಗೋಡೆಗೆ ಒರಗೈತಿ.

ಆಕೆ ಸುಮ್ಮನಾದದ್ದು ಒಪ್ಪಿಗೆಯಿಂದ ಅಲ್ಲ, ಬ್ಯಾಟರಿ ಹಿಡಿದು ಇನ್ನೊಂದು ಕಡೆಯ ತೂತುಗಳನ್ನೂ ನೋಡಿ ಬರಲಿಕ್ಕೆ. ಎಲ್ಲವನ್ನೂ ನೋಡಿದಳು, ಮೊಬೈಲಿನಲ್ಲಿ ಚಿತ್ರ ತೆಗೆದಳು. ನನಗೆ ಆಕೆಯ ಈ ಗುಣ ಹಿಡಿಸಿತು. ಮುದುಕರ ಮಾತಿಗೆ ತಲೆದೂಗಿ ಬಿಡುವುದು ಸುಲಭ. ಹಳೆಯ ಕಸುಬಿನ ಬಗ್ಗೆ ನಮ್ಮ ಬರಹಗಳಲ್ಲಿ ಅಂಥ ತಲೆದೂಗುವಿಕೆಯೇ ಹೆಚ್ಚು. ತೂತಿನ ಅಂಚು ಚೂಪಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡುವವರು ಕಡಿಮೆ.

— ಖರೆ ಐತಿ ಕಾಕಾ. ಒಂದರಾಗೂ ಗುರುತಿಲ್ಲ. ಇದ ಬಾಡೀನ ಕೂಡಿಸೋಣು. ಆದ್ರ ಟಾಯರ್ ತುಂಡು, ಗೋಣಿ ತಟ್ಟು ಇಟ್ಟು ಕುಂದ್ರಿಸಾಕ ನಾ ಬಿಡೂದಿಲ್ಲ.

— ಅದಕ್ಕ ಬಂದಾಗ ಜಗಳಾಡೋಣು. ಮೊದಲ ಲೆವೆಲ್.

— ನೆಲಾ ಕಾಂಕ್ರೀಟ್ ಐತಲ್ರಿ.

— ಕಾಂಕ್ರೀಟ್ ಇದ್ದೀತು, ನೀರು ಹರದು ಹೋಗಾಕಂತ ಬಾಗಲ ಕಡೆ ಇಳಕಲ ಕೊಟ್ಟಾರ. ಪೈಪ್ ತಾ. ನೀರು ತುಂಬು, ಒಂದು ಚಿಟಿಕಿ ನೀಲಿ ಹಾಕು, ಇಲ್ಲಂದ್ರ ನನಗ ಗೆರಿ ಕಾಣೂದಿಲ್ಲ. ಗಾಳಿ ಗುಳ್ಳಿ ಇದ್ರ ತಗದು ಬಿಡು. ಒಂದು ಗುಳ್ಳಿ ಒಳಗ ಕುಂತ್ರ ಎರಡು ಸೂತ ಸುಳ್ಳು ಹೇಳ್ತದ.

— ಕಾರ್ಖಾನ್ಯಾಗ ಲೇಸರ್ ಅದಾವು. ತರಲ್ಯಾ?

— ತಾ, ಬ್ಯಾಡ ಅನ್ನೂದಿಲ್ಲ. ಇದು ಮತ್ತು ಅದು ಒಂದ ಹೇಳ್ತಾವೋ ಇಲ್ಲೋ ನೋಡೋಣು. ಸ್ಟ್ಯಾಂಡ್ ಎಲ್ಲೆ ಇಟ್ಟಿ?

— ಚಾಸಿ ಕೆಳಗ, ನಾಕು ಮೂಲಿಗೆ.

— ಅಲ್ಲೆ ಬ್ಯಾಡ. ಹಿಂದ ಹೌಸಿಂಗಿನ ಕೆಳಗ, ಮುಂದ ಆಕ್ಸಲ್ ಕೆಳಗ ಇಡು. ಚಾಸಿ ತನ್ನ ಪಾಟಾದ ಮ್ಯಾಲ ತಾ ನಿಂತಿರಬೇಕು, ರಸ್ತಾದಾಗ ನಿಂತಂಗ. ಚಾಸೀಗೇ ಸ್ಟ್ಯಾಂಡ್ ಕೊಟ್ರ ಅದು ಬ್ಯಾರೆ ಕಡೆ ಬಾಗತೈತಿ; ಅದರ ಮ್ಯಾಲ ಬಾಡಿ ಸರಿ ಮಾಡಿ ನೆಲಕ್ಕಿಳಿಸಿದ ಕೂಡಲೇ ಸಂದೆಲ್ಲಾ ಬದಲಾಗ್ತಾವ. ಬಸ್ಸಿನಾಗ ನೀವೂ ಹಂಗ ಮಾಡ್ತೀರಲ್ಲ?

— ನಮ್ಮಲ್ಲೆ ಜಿಗ್ ಇರತೈತ್ರಿ. ಬಾಡಿ ಜಿಗ್ಗಿನಾಗ ತಯಾರಾಗಿ ಬರತೈತಿ. ಪ್ರತಿ ಚಾಸೀನೂ ಒಂದ ಇರಬೇಕು ಅನ್ನೋ ನಂಬಿಗಿ ಮ್ಯಾಲ ಕೆಲಸ ನಡಿತದ.

— ಹೊಸಾ ಚಾಸಿ ಹಂಗ ಇರತೈತಿ. ಎಪ್ಪತ್ತು ವರ್ಷ ದುಡದದ್ದನ್ನ ನಂಬಾಕ ಬರೂದಿಲ್ಲ.

ಮುಂದಿನ ಕೆಲಸ ನೋಡುವಂತಿತ್ತು. ಚಾಸಿಯ ಎರಡೂ ಪಟ್ಟಿಗಳ ಮೇಲೆ ಒಂದೇ ಸಾಲಿನಲ್ಲಿರಬೇಕಾದ ತೂತುಗಳನ್ನು ಆರಿಸಿ, ಒಂದೊಂದರ ನಡುವಿನಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟರು. ಗುಂಡು ತೂಗಾಡುವುದು ನಿಂತ ಮೇಲೆ ಅದರ ಮೊನೆಯ ಕೆಳಗೆ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗೀಟು. ಎಲ್ಲಾ ಆದಮೇಲೆ ಗಾಡಿಯನ್ನು ಮರೆತು ನೆಲದ ಗೀಟುಗಳ ನಡುವೆ ಮೂಲೆಯಿಂದ ಮೂಲೆಗೆ ಅಳತೆ. ಎರಡು ಕರ್ಣ ಸಮ ಬಂದರೆ ಚಾಸಿ ಚೌಕ, ಇಲ್ಲವಾದರೆ ಒಂದು ಪಟ್ಟಿ ಮುಂದೆ ಹೋಗಿದೆ ಎಂದರ್ಥ. ಇದರಲ್ಲಿ ಒಂದು ಸೂತದ ವ್ಯತ್ಯಾಸ ಬಂತು. ಮಿಸ್ತ್ರಿ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನೀರಿನ ಪೈಪು ಹೇಳಿದ್ದು ಬೇರೆ: ಕ್ಯಾಬಿನ್ನಿನ ಹಿಂದೆ ಚಾಸಿ ನಡು ಎರಡು ಸೂತ ಕುಸಿದಿತ್ತು, ಎರಡೂ ಕಡೆ ಒಂದೇ ಸಮ.

— ಎರಡು ಸೂತ ಕುಂತಿದ್ದಕ್ಕ ಚಾಸಿ ಎತ್ತಿಸಬೇಕೇನ್ರಿ?

— ಎರಡೂ ಕಡೆ ಒಂದ ಸಮಾ ಐತಲ್ಲ, ಬ್ಯಾಡ. ಒಂದ ಕಡೆ ಕುಂತಿದ್ರ ತಿರುವು ಐತಿ ಅಂತ ತಿಳಕೋಬೇಕಿತ್ತು. ಇದಕ್ಕ ಉದ್ದ ತೊಲಿ ಕೆಳಮೈ ಅಲ್ಲೆ ಎರಡು ಸೂತ ದಪ್ಪ ಬಿಟ್ಟು ಕೀಸಿದ್ರ ಮುಗೀತು. ತಗಡಿನ ಬಾಡಿ ಆಗಿದ್ರ ಪ್ಯಾಕಿಂಗ್ ತುರಕಬೇಕಾಗ್ತಿತ್ತು. ಕಟಿಗಿ ಹೇಳಿದಂಗ ಕೇಳ್ತದ.

— ಕಟಿಗಿ ಯಾವುದು ತರೋಣು? ಹಳೆ ತೊಲಿ ಎರಡೂ ಟೊಳ್ಳಾಗ್ಯಾವ.

— ತೊಲಿಗೆ ಜಾಲಿ. ನಮ್ಮ ಎರಿ ಹೊಲದ ಕರಿಜಾಲಿ. ಬಂಡಿ ಗಾಲಿಗೆ, ಕುಂಟಿಗೆ ಹಾಕ್ತಿದ್ದ ಕಟಿಗಿ ಅದು. ಪೆಟ್ಟು ತಿಂತದ, ಮಳಿ ಹೊಸದಲ್ಲ. ಮತ್ತಿನೂ ನಡೀತದ, ಆದ್ರ ಮತ್ತಿ ಒಣಗೂ ಮುಂದ ಸಿಟ್ಟು ಮಾಡಿ ಸೀಳತೈತಿ. ತಳದ ಫಳಿಗೆ ಸಾಗವಾನಿ. ಡಿಪೋದಾಗ ಹೊಸಾ ಮರಾ ತಗೊಂಡು ಕೊಯ್ಸೂಕಿಂತ ಹಳೆ ವಾಡೇದ ತೊಲಿ ಕೆಡವಿದ್ದು ಸಿಗ್ತದೇನು ನೋಡು. ಮನಿ ಮ್ಯಾಲ ಎಂಬತ್ತು ವರ್ಷ ಒಣಗಿದ್ದು ಇನ್ನ ಅಲುಗಾಡೂದಿಲ್ಲ.

— ಅಲುಗಾಡೂದಿಲ್ಲ ಅನಬ್ಯಾಡ್ರಿ. ಧಾರವಾಡದ ಶ್ರಾವಣದಾಗ ನಮ್ಮನಿ ಬಾಗಲಾನ ಹಾಕಾಕ ಬರೂದಿಲ್ಲ, ಅದೂ ಹಳೇ ಸಾಗವಾನಿ.

— ಖರೆ. ಕಟಿಗಿ ಎಷ್ಟ ಹಳೇದಾದ್ರೂ ನೀರು ಕುಡಿತದ, ಬಿಡ್ತದ. ಆರಿಂಚಿನ ಫಳಿ ಬ್ಯಾಸಗಿಗೂ ಮಳಿಗಾಲಕ್ಕೂ ಅರ್ಧ ಸೂತದ ಮ್ಯಾಲ ಆಡ್ತದ. ಎಂಟು ಫಳಿ ಇದ್ರ ನಾಕೈದು ಸೂತ ಆತಲ್ಲ? ಬ್ಯಾಸಿಗ್ಯಾಗ ಒತ್ತಿ ಒತ್ತಿ ಕೂಡಿಸಿದ್ರ ಆಷಾಢದಾಗ ಅವು ಬಾಜೂನ್ನ ಹೊರಗ ದೂಡ್ತಾವ. ಆಮ್ಯಾಲ ಬಾಡಿ ಹೊಟ್ಟಿ ಬಂದೈತಿ ಅಂತ ಟಿಂಕರಿಂಗ್‌ನಾಂವನ ಬಾಗಲಕ್ಕ ಹೋಗೋದು.

— ಕಾರ್ಖಾನೆ ನಕಾಶಿಯಾಗ ಅದಕ್ಕೊಂದು ಚಲೋ ಉಪಾಯ ಐತ್ರಿ. ಎರಡು ಫಳಿ ನಡುವ ಉಕ್ಕಿನ ಪಟ್ಟಿ ಬರತೈತಿ. ಫಳಿ ಅಂಚು ಮೆಟ್ಟಲದಂಗ ಕೆತ್ತಿರ್ತಾರ, ಪಟ್ಟಿ ಅದರಾಗ ಕುಂದರತೈತಿ. ಬೋಲ್ಟ್ ಪಟ್ಟ್ಯಾಗಿಂದ ಇಳದು, ಎರಡು ಫಳಿ ನಡುವಿನ ಸಂದಿನಾಗಿಂದ ಅಡ್ಡತೊಲಿಗೆ ಹೋಗತೈತಿ. ಈ ಬೋಲ್ಟಿಗೆ ಫಳ್ಯಾಗ ತೂತು ಬೇಕಿಲ್ಲ.

— ತೂತಿಲ್ಲ ಅಂದ್ರ ಫಳಿ ಪಟ್ಟಿ ಕೆಳಗ ಆಡಾಕ ಜಾಗ ಇರತೈತಿ. ಸೀಳೂದಿಲ್ಲ. ಇದು ಬರೋಬ್ಬರಿ ಐತಿ. ಹಳೆ ಬಾಡ್ಯಾಗ ಫಳಿಗೇ ಮೊಳಿ ಹೊಡದಾರ, ಅದಕ್ಕ ಮೊಳಿ ಇದ್ದಲ್ಲೆಲ್ಲಾ ಬಾಯಿ ಬಿಟ್ಟಾವ. ಈ ಪಟ್ಟಿ ಪದ್ಧತಿ ಹಾಕೋಣು.

— ಆಗ ಮತ್ತ ಒರಿಜಿನಲ್ ಹೋತಲ್ಲ?

— ಹೊಟ್ಟಿ ಉರಸಬ್ಯಾಡ. ಕಟ್ಟಿದಾಂವ ಬದುಕಿದ್ದು ಈ ಪಟ್ಟಿ ನೋಡಿದ್ರ ತಾನೂ ಹಾಕ್ತಿದ್ದ.

ಇಲ್ಲಿ ಮಿಸ್ತ್ರಿಯ ತರ್ಕ ಸ್ವಲ್ಪ ಅನುಕೂಲ ಶಾಸ್ತ್ರವೇ. ತನಗೆ ಬೇಕಾದಾಗ ಹಳೆಯದು, ಬೇಕಾದಾಗ ಒಳ್ಳೆಯದು. ಆದರೆ ತಿಂಗಳುಗಟ್ಟಲೆ ಮಳೆ ಹನಿಯುವ ಊರಿನಲ್ಲಿ ಫಳಿಯ ಮಟ್ಟಿಗೆ ನಾನು ಅವರ ಕಡೆ.

— ಈಗ ತೊಲಿ ಕೆಳಗ ಏನಿಡ್ತೀರಿ ಹೇಳ್ರಿ. ಟಾಯರ್ ತುಂಡು ಬ್ಯಾಡ.

— ಯಾಕ ಬ್ಯಾಡ? ಚಾಸಿ ಮ್ಯಾಲ ಕಟಿಗಿ ನೇರ ಕುಂತ್ರ ಉಜ್ಜಿ ಉಜ್ಜಿ ಎರಡೂ ಹೋಗ್ತಾವ.

— ಉಜ್ಜಬಾರದು ಅನ್ನೋದು ನಾನೂ ಒಪ್ತೇನಿ. ಟಾಯರ್ ತುಂಡು ದಪ್ಪ, ಮೆತ್ತಗ, ಮ್ಯಾಲ ಅದರ ಕಚ್ಚು-ಕಚ್ಚು ಮೈ. ಯು-ಬೋಲ್ಟ್ ಬಿಗಿ ಮಾಡಿದಾಗ ಒಂದು ಕಡೆ ಹೆಚ್ಚು ಒತ್ತತೈತಿ, ಒಂದು ಕಡೆ ಕಡಿಮಿ. ಒಂದು ವರ್ಷಕ್ಕ ಚಪ್ಪಟೆ ಆಗಿ ಬೋಲ್ಟ್ ಸಡಲ. ಗಟ್ಟಿ ರಬ್ಬರ್ ಪಟ್ಟಿ ತರ್ತೇನಿ, ಎರಡ ಸೂತ ದಪ್ಪಂದು, ಉದ್ದಕ್ಕೂ ಒಂದ ತುಂಡು. ದಪ್ಪ ಒಂದ ಇದ್ರ ಲೆಕ್ಕ ಒಂದ ಇರತೈತಿ.

— ಉದ್ದಕ್ಕೂ ಹಾಕಿದ್ರ ಅದರ ಕೆಳಗ ನೀರು ನಿಂತು ಚಾಸಿ ತುಕ್ಕ ಹಿಡೀತದಲ್ಲ. ಯು-ಬೋಲ್ಟ್ ಬರೋ ಜಾಗಕ್ಕಷ್ಟ ಹಾಕು, ನಡುವ ಬಿಟ್ಟ ಬಿಡು.

— ಆತು. ಜಾಗಕ್ಕಷ್ಟ, ಆದ್ರ ಗಟ್ಟಿ ಪಟ್ಟಿ.

— ಆತು, ತಾ. ಮತ್ತೊಂದು ಮಾತು. ಚಾಸ್ಯಾಗ ಹೊಸಾ ತೂತು ಕೊರೀಬ್ಯಾಡ. ಅದರಾಗೂ ಮ್ಯಾಲಿನ ಅಂಚು, ಕೆಳಗಿನ ಅಂಚು ಮುಟ್ಟಲೇಬಾರದು. ಭಾರ ಹೊರೋದು ಅವ ಎರಡು. ಅಲ್ಲೆ ಒಂದು ತೂತು ಬಿತ್ತಂದ್ರ ಸೀಳು ಸುರು ಆಗಾಕ ಬಾಗಲಾ ತಗದಂಗ. ವೆಲ್ಡಿಂಗೂ ಅಷ್ಟ. ಅದಕ್ಕ ಹಿರೇರು ಯು-ಬೋಲ್ಟ್ ಹಾಕಿದ್ದು.

— ಮುಂದಿನ ಯು-ಬೋಲ್ಟಿಗೆ ಸ್ಪ್ರಿಂಗ್ ಇಟ್ರ ಹೆಂಗ್ರಿ? ತೆಗ್ಗಿನಾಗ ಚಾಸಿ ತಿರುವಿದಾಗ ಬಾಡಿ ಮುಂದಿನ ತುದಿ ಸ್ವಲ್ಪ ಎದ್ದು ಕುಂದ್ರಲಿ ಅಂತ.

— ದೊಡ್ಡ ಲಾರ್ಯಾಗ ಇಟ್ಟೇನಿ. ಹಿಂದ ಗಟ್ಟಿ, ಮುಂದ ಸ್ಪ್ರಿಂಗ್. ಎಲ್ಲಾ ಕಡೆ ಗಟ್ಟಿ ಹಿಡದ್ರ ಚಾಸಿ ತಿರುವಿದ್ದು ಬಾಡೀಗೂ ಬರತೈತಿ, ಮೂಲಿ ಬಿಡತಾವ. ಇದು ಸಣ್ಣ ಗಾಡಿ, ಇದಕ್ಕೂ ಇಟ್ರ ತಪ್ಪಿಲ್ಲ.

ಬಾಡಿ ಕೂಡಿಸುವಾಗ ನನಗೆ ಅಚ್ಚರಿಯಾದದ್ದು ಅವರ ಪಾನಾ ಹಿಡಿಯುವ ಸಂಕೋಚ. ಅಡ್ಡತೊಲೆಗಳು, ಮುಂದಿನ ಫಳಿ, ಎರಡು ಬಾಜೂ, ಹಿಂದಿನ ಬಾಗಿಲು, ಎಲ್ಲದರ ಬೋಲ್ಟೂ ಹಾಕಿದರು, ಒಂದನ್ನೂ ಬಿಗಿಯಲಿಲ್ಲ. ನಟ್ಟು ಬೆರಳಲ್ಲಿ ತಿರುಗುವಷ್ಟೇ. ಇಡೀ ಬಾಡಿ ಕಾಲು ಸಡಿಲಾದ ಹೊರಸಿನ ಹಾಗೆ ಮುಟ್ಟಿದಲ್ಲೆಲ್ಲ ಅಲ್ಲಾಡುತ್ತಿತ್ತು.

— ಉದ್ದ 84, ಅಗಲ 50. ಮೂಲಿಯಿಂದ ಮೂಲಿಗೆ 97 ಇಂಚು 6 ಸೂತ ಬರಬೇಕು.

— ಫೋನಿನಾಗ ಲೆಕ್ಕಾ ಹಾಕಿದಿ?

— ಹೌದ್ರಿ. ಈಗ ಒಂದು ಕಡೆ 98 ಐತಿ, ಇನ್ನೊಂದು ಕಡೆ 97 ಇಂಚು 4 ಸೂತ.

— ನನಗ ಎಷ್ಟ ಬರಬೇಕು ಅನ್ನೋದು ಬೇಕಾಗಿಲ್ಲ, ಎರಡೂ ಒಂದ ಬಂದ್ರ ಸಾಕು. ಉದ್ದ ಇದ್ದ ಕಡೆ ಹಗ್ಗಾ ಹಾಕು, ಎರಡು ಮೂಲಿಗೆ. ನಡುವ ಕಟಿಗಿ ತುಂಡು ಸಿಗಸಿ ತಿರುವು. ಸಾವಕಾಶ. ಉದ್ದದ್ದು ಎರಡು ಸೂತ ಇಳದ್ರ ಗಿಡ್ಡದ್ದು ತಾನ ಎರಡು ಸೂತ ಏರತೈತಿ.

— ಬಂತ್ರಿ. ಎರಡೂ 97, 6. ಈಗ ಬಿಗೀಲ್ಯಾ?

— ತಡಿ. ಬಾಗಲಾ ಹಾಕು. ಟೇಪ್ ಕೆಳಗಿನ ಚೌಕ ಹೇಳ್ತದ, ಬಾಜೂ ಮ್ಯಾಲಿನ ತುದಿಗೆ ಒಳಗ ಒರಗಿದ್ರ ಟೇಪಿಗೆ ಗೊತ್ತಾಗೂದಿಲ್ಲ. ಬಾಗಲಾ ಎರಡೂ ಕಡೆ ಒಂದ ಸಂದು ಬಿಟ್ಟು, ಉಜ್ಜದಂಗ ತಗದು ಹಾಕಿ ಬಂತಂದ್ರ ಮಾತ್ರ ಬಿಗಿ.

— ಆ ಕೊಯ್ದ ಮೂಲಿ?

— ತುಂಡು ಕೂಡಿಸಿ ಸರಿ ಮಾಡೇನಿ. ಅದಕ್ಕ ಈಗ ಹಾಕು ಅಂದದ್ದು.

ಬಾಗಿಲು ಕೂತಿತು. ಆಮೇಲೆ ಬಿಗಿತ, ಅದೂ ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗುವುದಲ್ಲ. ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪ. ನಾಲ್ಕು ಜನ ಹಿಡಿದು ಚಾಸಿಯ ಮೇಲೆ ಇಳಿಸಿದರು. ಕೊನೆಗೆ ಉಳಿದದ್ದು ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದು. ನೋಡಲು ಬರುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

— ಕೆಳಗ ಆರು ಸೂತ ಐತ್ರಿ, ಮ್ಯಾಲ ನಾಕ ಐತಿ. ಎಡ ಬಲ ಎರಡೂ ಕಡೆ ಹಂಗ.

— ಕ್ಯಾಬಿನ್ನಿನ ರಬ್ಬರ್ ಹೊಸಾವು ಹಾಕೀಯಲ್ಲ? ಬಾಗಲದ ಸಂದು ಸರಿ ಐತಲ್ಲ?

— ಐತ್ರಿ. ಕ್ಯಾಬಿನ್ ಪಕ್ಕಾ ಐತಿ.

— ಹಂಗಾದ್ರ ಬಾಡಿ ಮುಂದಿನ ತುದಿ ಎತ್ತು. ಬಾಜೂ ಎಷ್ಟೆತ್ತರ?

— 20 ಇಂಚು. ಮೊದಲನೇ ಯು-ಬೋಲ್ಟಿಂದ ಕಡೀದಕ್ಕ 60 ಇಂಚು. ಮುಂದ ಒಂದು ಸೂತ ಎತ್ತಿದ್ರ ಮ್ಯಾಲಿನ ತುದಿ ಮೂರರಾಗ ಒಂದು ಪಾಲು ಸೂತ ಹಿಂದ ಹೋಗತೈತಿ. ಎರಡು ಸೂತ ಬೇಕಂದ್ರ ಆರು ಸೂತ ಎತ್ತಬೇಕಾಗತೈತಿ, ಮುಕ್ಕಾಲು ಇಂಚು! ಅದು ಕಣ್ಣಿಗೆ ಹೊಡೀತದ.

— ಅದಕ್ಕ ಪೂರಾ ಎತ್ತೂದಿಲ್ಲ. ಮುಂದ ಎರಡು ಸೂತ ಪ್ಯಾಕಿಂಗ್ ಕೊಡು. ಇಡೀ ಬಾಡಿ ಒಂದು ಸೂತ ಹಿಂದ ಸರಿಸು. ಉಳದದ್ದು ಮುಂದಿನ ಫಳೀದು. ಅದರ ಮ್ಯಾಲಿನ ಮೂಲಿ ಬೋಲ್ಟ್ ಸಡಲ ಮಾಡಿ ಹಿಂದ ಒರಗಿಸು. ಒಂದ ಜಾಗದಾಗ ಎಲ್ಲಾ ವಸೂಲ ಮಾಡಾಕ ಹೋಗಬ್ಯಾಡ. ಮತ್ತ ಮ್ಯಾಲಿನ ಸಂದು ಕೆಳಗಿಂದಕಿಂತ ಒಂದು ಕೂದಲಷ್ಟು ಹೆಚ್ಚ ಇರಲಿ. ಚಾಸಿ ಬಾಗಿದಾಗ ಮೊದಲ ಮುಚ್ಚೋದು ಮ್ಯಾಲಿಂದು. ಕ್ಯಾಬಿನ್ನಿಗೆ ಬಾಡಿ ಬಡದ್ರ ನಿನ್ನ ಬಣ್ಣ ಹೋತು.

— ಒಂದು ಸೂತ ಹಿಂದ ಸರಿಸಿದ್ರ ಗಾಲಿ ಮಡ್‌ಗಾರ್ಡಿನ ನಡು ತಪ್ತದಲ್ರಿ.

— ಒಂದು ಸೂತ ಯಾರಿಗೂ ಕಾಣೂದಿಲ್ಲ. ಸಂದಿನಾಗ ಕಾಣತೈತಿ, ಗಾಲ್ಯಾಗ ಕಾಣೂದಿಲ್ಲ. ಫುಟ್‌ಬೋರ್ಡಿನ ಬೋಲ್ಟ್ ಮಾತ್ರ ನೋಡ್ಕೋ. ಅದು ಮುಂದ ಕ್ಯಾಬಿನ್ ಕಡೆ, ಹಿಂದ ಮಡ್‌ಗಾರ್ಡ್ ಕಡೆ ಹಿಡಕೊಂಡಿರತೈತಿ. ಬಾಡಿ ಸರಿಸಿದ್ರ ಫುಟ್‌ಬೋರ್ಡ್ ಎಳೀತದ.

ಕಾಗದಪತ್ರದ ಮಾತೂ ಬಂತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಫಲಕದಲ್ಲಿ ರಾಜ್ಯದ ಅಕ್ಷರಗಳ ಪಕ್ಕ ವಿ.ಎ. ಎಂಬ ಗುರುತು. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಗೆ, ಬಾಡಿಗೆ, ಇಂಜಿನ್ನಿಗೆ ಭಾರಿ ಬದಲಾವಣೆ ಆಗಿರಬಾರದು.

— ಮೂಲ ರೂಪ ಅಂದ್ರ ಯಾವುದು ಅಂತ ಆರ್‌ಟಿಓ ಕೇಳಿದ್ರ?

— ಆ ತೂತಿನ ಫೋಟೋ ತೋರಸು. ಕಾರ್ಖಾನೆ ಬಾಡಿ ಹಾಕಿದ್ರನ ಬದಲಾವಣಿ ಆಗ್ತಿತ್ತು ಅಂತ ಹೇಳು.

— ಅವ್ರು ಕೇಳಬೇಕಲ್ಲ. ಆರ್‌ಸಿ ಪುಸ್ತಕದಾಗ ಸಾಮಾನು ಗಾಡಿ ಅಂತ ಇದ್ರ ಅದೊಂದು ಬ್ಯಾರೆ ತಕರಾರು.

— ಅದನ್ನ ಬಣ್ಣಾ ಹಚ್ಚೂಕಿಂತ ಮೊದಲ ಹೋಗಿ ಕೇಳ್ಕೊಂಡು ಬಾ. ಉದ್ದದ ಬಗ್ಗೆ ಹೆದರಬ್ಯಾಡ. ಹಿಂದಿನ ಆಕ್ಸಲ್ ದಾಟಿ ಹೊರಗ ಚಾಚಿದ್ದು ವ್ಹೀಲ್‌ಬೇಸಿನ 60 ಪ್ರತಿಶತದಾಗ ಇರಬೇಕಂತಾರ. 116ಕ್ಕ 69 ಇಂಚಿನ ಮ್ಯಾಲ ಆತು. ನಮ್ಮದು ಅದಕ್ಕಿಂತ ಭಾಳ ಕಡಿಮಿ ಐತಿ.

— ಇನ್ನ ಓಡಿಸಿ ನೋಡ್ಲ್ಯಾ?

— ಖಾಲಿ ಓಡಿಸಿ ಏನ ತಿಳೀತದ? ಉಸಕಿನ ಚೀಲ ಹೇರು, ಐದಾರು ಕ್ವಿಂಟಲ್ ಆಗಲಿ. ಸತ್ತೂರು ಕಡೆ ಹೋಗಿ, ತೆಗ್ಗಿದ್ದ ಒಳರಸ್ತೆ ಹಿಡದು, ತಿರಗಿ ಬಾ. ಚಿಗರಿ ಬಸ್ಸಿಗಂತ ಬಿಟ್ಟ ದಾರ್ಯಾಗ ಹೋಗಬ್ಯಾಡ, ದಂಡಾ ಹಾಕ್ತಾರ. ಬಂದಮ್ಯಾಲ ಯು-ಬೋಲ್ಟ್ ಎಲ್ಲಾ ಮತ್ತ ಬಿಗಿ. ಹೊಸಾ ಕಟಿಗಿ, ಹೊಸಾ ರಬ್ಬರ್, ಕುಂದ್ರಾಕ ಟೈಮ್ ಬೇಕು.

— ನಟ್ಟಿನ ಮ್ಯಾಲಿಂದ ಬೋಲ್ಟಿನ ಮ್ಯಾಲ ಬಿಳಿ ಗೀಟು ಎಳೀತೇನಿ. ಸಡಲಾದ್ರ ಗೀಟು ಮುರೀತದ, ಪಾನಾ ಹಚ್ಚೂದ ಬೇಕಾಗಿಲ್ಲ. ನಮ್ಮ ಬಸ್ಸಿನಾಗ ಹಂಗ ಮಾಡ್ತೇವಿ.

— ಇದು ಚಲೋ ಐತಿ. ಪೇಂಟರ್‌ಗೆ ಹೇಳು, ಆ ಗೀಟಿನ ಮ್ಯಾಲ ಕೈ ಆಡಿಸಿಗೀಡಿಸ್ಯಾನು. ಹಿಂದಿನ ಬಾಗಲದ ಮ್ಯಾಲ ಏನ ಬರಸ್ತಿ?

— ಷೆವ್ರೊಲೆ ಅಂತ. ಕಾರ್ಖಾನೆ ಬಾಗಲಕ್ಕ ಹಂಗ ಉಬ್ಬ ಅಕ್ಷರ ಇರ್ತಿದ್ದುವು.

— ಬರಸು. ಕೆಳಗ ಬಲ ಮೂಲ್ಯಾಗ ಸಣ್ಣ ಅಕ್ಷರದಾಗ ಬಾಡಿ ಎಲ್ಲೆ ಆದದ್ದು ಅಂತನೂ ಬರಸು. ಲಾರಿ ಬಾಡಿ ಕಟ್ಟಿದವ್ರು ಊರ ಹೆಸರ ಬರಸದ ಬಿಡೂದಿಲ್ಲ.

— ಹುಬ್ಬಳ್ಳಿ ಅಂತ ಬರಸಲ್ಯೋ, ಧಾರವಾಡ ಅಂತ ಬರಸಲ್ಯೋ? ನಮ್ಮನ್ಯಾಗ ಜಗಳಾ ಆಗತೈತಿ.

— ರಾಯಾಪುರ ಅಂತ ಬರಸು. ಪೇಂಟರ್ ಅಕ್ಷರಕ್ಕಿಷ್ಟು ಅಂತ ರೊಕ್ಕಾ ತಗೋತಾನ, ಎರಡೂ ಊರು ಬರಸಿದ್ರ ದುಪ್ಪಟ್ಟು ಬೀಳ್ತದ.